ಮೂರು ವರ್ಷದ ಐಷಾರಾಮ

ಕೋಟಿ ದಾಟಿದ ಕಾರಿನಲ್ಲಿ ಗಿರಾಕಿಯನ್ನು ಕೂರಿಸಿದ ಕೂಡಲೇ ಷೋರೂಮಿನ ಹುಡುಗ ಮಾಡುವ ಮೊದಲ ಕೆಲಸ ಪರದೆ ಹೊತ್ತಿಸುವುದು. ಆಮೇಲೆ ಬಾಗಿಲಿನ ಉದ್ದಕ್ಕೂ ಹರಿಯುವ ದೀಪದ ಪಟ್ಟಿಯನ್ನು ನೇರಳೆ ಮಾಡಿ, ಹಸಿರು ಮಾಡಿ, ಒಟ್ಟು 64 ಬಣ್ಣ ಸಾರ್ ಎನ್ನುತ್ತಾನೆ. ಎ.ಸಿ. ಕಿಂಡಿಯ ರೆಕ್ಕೆ ಅಲ್ಲಾಡಿಸಿ ನೋಡಿ, ಗೇರಿನ ಪಕ್ಕದ ಕನ್ಸೋಲನ್ನು ಮೊಣಕಾಲಿನಿಂದ ಒಮ್ಮೆ ಒತ್ತಿ ನೋಡಿ, ಬಾಗಿಲಿನ ಕೆಳಭಾಗದ ಪ್ಲಾಸ್ಟಿಕ್ಕಿಗೆ ಉಗುರು ತಾಗಿಸಿ ನೋಡಿ ಎಂದು ಮಾತ್ರ ಹೇಳುವುದಿಲ್ಲ. ಅವನದೇನೂ ತಪ್ಪಿಲ್ಲ, ಅವನಿಗೆ ಕಲಿಸಿಕೊಟ್ಟ ಪಾಠವೇ ಅಷ್ಟು.

ಈ ಪ್ರದರ್ಶನಕ್ಕೆ ಬೆನ್ನಾಗಿ ಒಂದು ಸಿದ್ಧಾಂತವೂ ಹುಟ್ಟಿಕೊಂಡಿದೆ. ಮರ, ಚರ್ಮ, ಲೋಹದ ಕಾಲ ಮುಗಿಯಿತಂತೆ. ಈಗಿನ ಕಾರು ಚಕ್ರ ಹಚ್ಚಿದ ಕಂಪ್ಯೂಟರ್ ಅಂತೆ. ಅದರ ಶ್ರೀಮಂತಿಕೆ ಸಾಫ್ಟ್‌ವೇರಿನಲ್ಲಿರುತ್ತದೆಯೇ ಹೊರತು ಸ್ವಿಚ್ಚಿನಲ್ಲಿ ಅಲ್ಲವಂತೆ. ಡ್ಯಾಶ್‌ಬೋರ್ಡ್ ಕಿರುಗುಟ್ಟುತ್ತದೆ ಎಂದು ದೂರುವವರು ಹಳೆಯ ಕಾರುಗಳ ಗುಂಗಿನಲ್ಲಿ ಕಳೆದುಹೋದವರಂತೆ. ಇಂಗ್ಲಿಷ್ ಕಾರು ಪತ್ರಿಕೆಗಳು ಇದನ್ನು ಒಂದು ದಶಕದಿಂದ ಹೇಳುತ್ತ ಬಂದಿವೆ. ನಮ್ಮ ಕನ್ನಡದ ವಿಡಿಯೊ ವಿಮರ್ಶಕರೂ ಪರದೆ ಎಷ್ಟು ಇಂಚು ಎಂದು ಅಳೆದು, ‘ಪ್ರೀಮಿಯಂ ಫೀಲ್ ಇದೆ’ ಎಂದು ಷರಾ ಬರೆದು, ಮುಂದಿನ ಕಾರಿಗೆ ಹೋಗುತ್ತಾರೆ.

ಈ ಸಿದ್ಧಾಂತ ಸುಳ್ಳು ಎನ್ನುವುದಕ್ಕಷ್ಟೇ ನಾನು ಬರೆಯುತ್ತಿಲ್ಲ. ಉಳಿತಾಯವನ್ನು ತತ್ತ್ವಜ್ಞಾನದ ವೇಷ ಹಾಕಿ ನಮಗೇ ಮಾರಿ, ಅದಕ್ಕೆ ಹೆಚ್ಚು ದುಡ್ಡನ್ನೂ ಕೇಳುತ್ತಿದ್ದಾರೆ ಎಂಬುದು ನನ್ನ ತಕರಾರು.

ಒಳಾಂಗಣದ ಗುಣಮಟ್ಟ ಎಂದರೆ ಏನು ಎಂಬಲ್ಲಿಂದಲೇ ಶುರುಮಾಡಬೇಕು, ಏಕೆಂದರೆ ಗೊಂದಲ ಇರುವುದು ಅಲ್ಲೇ. 1976ರಲ್ಲಿ ಬಂದು ಹತ್ತು ವರ್ಷ ನಡೆದ ಮರ್ಸಿಡಿಸ್ ಡಬ್ಲ್ಯು 123 ಕಾರನ್ನು ತೆಗೆದುಕೊಳ್ಳಿ. ಸುಮಾರು 27 ಲಕ್ಷ ಕಾರುಗಳು ತಯಾರಾದವು. ಹೆಚ್ಚಿನವುಗಳಲ್ಲಿ ಚರ್ಮದ ಸೀಟು ಇರಲೇ ಇಲ್ಲ. ಇದ್ದದ್ದು ಬಟ್ಟೆ, ಇಲ್ಲವೇ ಎಂ.ಬಿ. ಟೆಕ್ಸ್ ಎಂಬ ರೆಕ್ಸಿನ್. ಹೌದು, ನಮ್ಮ ಆಟೋ ಸೀಟಿಗೆ ಹೊದಿಸುವ ರೆಕ್ಸಿನ್ನಿನ ಕುಲದ್ದೇ, ಪಿ.ವಿ.ಸಿ. ಲೇಪಿಸಿದ ಬಟ್ಟೆ. ಆದರೆ ಅದು ನಲವತ್ತು ವರ್ಷ ಕಳೆದರೂ ಬಿರಿಯುವುದಿಲ್ಲ ಎಂಬ ಖ್ಯಾತಿ ಗಳಿಸಿದ ಸರಕು. ಜರ್ಮನಿಯಲ್ಲಿ, ಮೊರಾಕ್ಕೊದಲ್ಲಿ ಟ್ಯಾಕ್ಸಿಗಳಾಗಿ ಈ ಕಾರುಗಳು ದಶಕಗಟ್ಟಲೆ ದುಡಿದವು. ಸೀಟಿನ ಒಳಗೆ ಸ್ಪ್ರಿಂಗು, ಅದರ ಮೇಲೆ ಕುದುರೆಗೂದಲನ್ನು ರಬ್ಬರಿನಲ್ಲಿ ಕಟ್ಟಿದ ಮೆತ್ತೆ. ಗಾಳಿಯಾಡುತ್ತದೆ, ಕುಸಿಯುವುದಿಲ್ಲ. ಕುಸಿದರೂ ಆ ಮೆತ್ತೆಯೊಂದನ್ನೇ ಬಿಚ್ಚಿ ಬದಲಾಯಿಸಬಹುದು.

ಅದರ ನಂತರದ ಡಬ್ಲ್ಯು 124 ಮಾದರಿ 1984ರಲ್ಲಿ ಬಂತು. 1995ರಲ್ಲಿ ಮರ್ಸಿಡಿಸ್ ಭಾರತದಲ್ಲಿ ಕಾರು ಜೋಡಿಸಲು ಶುರುಮಾಡಿದಾಗ ಪುಣೆಯಲ್ಲಿ ಮೊದಲು ಹೊರಬಂದದ್ದೂ ಇದೇ. ಅದರಲ್ಲಿ ಕಿಟಕಿ ಏರಿಸಿ ಇಳಿಸುವ ಸ್ವಿಚ್ಚುಗಳು ಗೇರ್ ದಂಡದ ಸುತ್ತ ಕೂತಿವೆ. ಒಂದು ಕೆಟ್ಟರೆ ಅದೊಂದನ್ನೇ ಮೀಟಿ ತೆಗೆದು, ಹೊಸದನ್ನು ಕೂರಿಸಿದರೆ ಮುಗಿಯಿತು. ಉಳಿದ ಸ್ವಿಚ್ಚುಗಳಿಗೆ ಆ ಸುದ್ದಿಯೂ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡ್ ಮೃದುವೇನೂ ಅಲ್ಲ. ಮುಟ್ಟಿದರೆ ಗಡುಸು, ನೋಡಿದರೆ ಮಂಕು. ಷೋರೂಮಿನಲ್ಲಿ ಹತ್ತು ನಿಮಿಷ ಕೂತವನಿಗೆ ಅದರಲ್ಲಿ ಏನೂ ಕಾಣದು. ಆ ಗುಣ ಅರ್ಥವಾಗುವುದು ಕಾರು ಕೊಂಡ ಹತ್ತನೆಯ ವರ್ಷದಲ್ಲಿ, ಹಲವೊಮ್ಮೆ ಮೂರನೆಯ ಮಾಲೀಕನಿಗೆ.

ಇವು ದೋಷವಿಲ್ಲದ ದೇವರ ಕಾರುಗಳೆಂದು ಹೇಳಹೊರಟಿಲ್ಲ. ಬಿಸಿಲಿಗೆ ನಿಲ್ಲಿಸಿದ ಡಬ್ಲ್ಯು 123ರ ಡ್ಯಾಶ್‌ಬೋರ್ಡ್ ಸೀಳುತ್ತಿತ್ತು. ತೊಂಬತ್ತರ ದಶಕದ ಮೊದಲರ್ಧದ ಡಬ್ಲ್ಯು 124ರಲ್ಲಿ ಎಂಜಿನ್ ವೈರುಗಳ ಹೊದಿಕೆ ಪುಡಿಪುಡಿಯಾಗಿ ಉದುರುತ್ತಿತ್ತು. ಆ ತಪ್ಪು ಇಂದಿಗೂ ಕುಖ್ಯಾತ. ಆದರೆ ಗಮನಿಸಿ, ಅವೆಲ್ಲ ತಪ್ಪುಗಳಾಗಿದ್ದವು. ಸೀಳಿದ ಡ್ಯಾಶ್‌ಬೋರ್ಡನ್ನು ಯಾರೂ ‘ಹೊಸ ಐಷಾರಾಮ’ ಎಂದು ಕರೆಯಲಿಲ್ಲ.

ಹಾಗಾದರೆ ಇಳಿಜಾರು ಎಲ್ಲಿ ಶುರುವಾಯಿತು? ಗುಂಡಿ ತೆಗೆದು ಪರದೆ ಹಾಕಿದ ಟೆಸ್ಲಾದ ಕಡೆ ಎಲ್ಲರೂ ಬೆರಳು ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಹುಟ್ಟಿದ್ದು ಅದಕ್ಕೂ ಬಹಳ ಮೊದಲು, ಒಂದು ತಪ್ಪು ಪಾಠದಿಂದ. 1989ರಲ್ಲಿ ಟೊಯೊಟಾ ಕಂಪನಿ ಲೆಕ್ಸಸ್ ಎಲ್.ಎಸ್. 400 ಕಾರನ್ನು 35,000 ಡಾಲರಿಗೆ ಅಮೆರಿಕದ ಮಾರುಕಟ್ಟೆಗೆ ಬಿಟ್ಟಿತು. ಆಗಿನ ಮರ್ಸಿಡಿಸ್ ಎಸ್-ಕ್ಲಾಸಿಗೆ ಕೊಡುತ್ತಿದ್ದ ಹಣದ ಅರ್ಧದ ಆಸುಪಾಸು. ಒಳಗೆ ಕೂತವರಿಗೆ ಒಂದು ಸಂದು ಸಿಗಲಿಲ್ಲ, ಒಂದು ಸದ್ದು ಕೇಳಲಿಲ್ಲ. ಜರ್ಮನರು ಬೆಚ್ಚಿದರು. ಅವರು ಎರಡು ರೀತಿ ಯೋಚಿಸಬಹುದಿತ್ತು. ಒಂದು, ಒಳ್ಳೆಯ ಜೋಡಣೆಗೆ ಇಷ್ಟೊಂದು ಖರ್ಚು ಬೇಕಿಲ್ಲ, ಶಿಸ್ತು ಸಾಕು ಎಂಬುದು. ಇನ್ನೊಂದು, ನಾವು ಖರ್ಚು ಹೆಚ್ಚು ಮಾಡುತ್ತಿದ್ದೇವೆ, ಕಡಿಮೆ ಮಾಡೋಣ ಎಂಬುದು. ಲೆಕ್ಸಸ್ ಕಲಿಸಿದ್ದು ಮೊದಲನೆಯದು, ಮರ್ಸಿಡಿಸ್‌ನ ತವರು ಸ್ಟುಟ್‌ಗಾರ್ಟ್ ಕಲಿತದ್ದು ಎರಡನೆಯದು.

ಕಾರು ಕಟ್ಟಿ ಆಮೇಲೆ ಬೆಲೆ ಲೆಕ್ಕ ಹಾಕುವ ಪದ್ಧತಿ ಹೋಯಿತು. ಮೊದಲು ಬೆಲೆ ಗೊತ್ತುಮಾಡಿ, ಅದರೊಳಗೆ ಪ್ರತಿಯೊಂದು ಭಾಗಕ್ಕೂ ಇಷ್ಟೇ ಎಂದು ಪಾಲು ಹಂಚುವ ಪದ್ಧತಿ ಬಂತು. 1997ರ ಎಂ-ಕ್ಲಾಸ್ ಇದರ ಪ್ರಸಿದ್ಧ ಕೂಸು. ಅಮೆರಿಕದ ಅಲಬಾಮಾದಲ್ಲಿ ತಯಾರಾದ ಈ ಕಾರು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ವೆಚ್ಚ ನಿಯಂತ್ರಣದ ಮಾದರಿಯಾಗಿ ಪಾಠವಾಯಿತು. ಕಾರು ಕೊಂಡವರಿಗೆ ಅದರ ಒಳಗಿನ ಪ್ಲಾಸ್ಟಿಕ್ ಬೇರೆಯದೇ ಪಾಠ ಕಲಿಸಿತು. ಆಗ ಟೆಸ್ಲಾ ಎಂಬ ಕಂಪನಿಯೇ ಇರಲಿಲ್ಲ.

ಅದೇ ಹೊತ್ತಿಗೆ ಫೋಕ್ಸ್‌ವಾಗನ್ ಗುಂಪಿನ ಮುಖ್ಯಸ್ಥ ಫರ್ಡಿನಾಂಡ್ ಪಿಯೆಖ್ ಉಲ್ಟಾ ದಿಕ್ಕಿನಲ್ಲಿ ಹೊರಟಿದ್ದ. ಆತನಿಗೆ ಸಂದುಗಳ ಅಗಲದ ಹುಚ್ಚು. 1997ರ ನಾಲ್ಕನೆಯ ಗಾಲ್ಫ್‌ನಂಥ ಮಧ್ಯಮ ವರ್ಗದ ಕಾರಿನಲ್ಲೂ ತಲೆಯ ಮೇಲಿನ ಹಿಡಿಕೆ ಟಪ್ಪೆಂದು ಬಡಿಯದೆ ಮೆಲ್ಲಗೆ ಮೇಲೆ ಹೋಗುತ್ತಿತ್ತು. ಅದೇ ಗುಂಪಿನ ಆಡಿ ಕಾರುಗಳ ಒಳಾಂಗಣ ಲೋಕಕ್ಕೇ ಮಾದರಿ ಎನಿಸಿದ ಕಾಲ ಅದು. ವಾಸನೆ ಪರೀಕ್ಷಿಸಲೆಂದೇ ಆಡಿಯಲ್ಲಿ 1985ರಿಂದ ಒಂದು ತಂಡವಿದೆ, ಬಿಸಿ ಮಾಡಿದ ಪ್ಲಾಸ್ಟಿಕ್ ತುಣುಕುಗಳನ್ನು ಮೂಸಿ ನೋಡುವುದೇ ಅವರ ಕೆಲಸ.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಸುವರ್ಣಯುಗದ ಒಳಗೇ ಇದ್ದ ಒಂದು ಮೋಸ. ಮುಟ್ಟಿದರೆ ಮೆತ್ತಗಿರಲಿ ಎಂದು ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಪಾಲಿಯುರೆಥೇನ್ ಲೇಪ ಬಳಿಯುವ ವಿದ್ಯೆ ಆಗ ಹಬ್ಬಿತು. ಫೋಕ್ಸ್‌ವಾಗನ್, ಆಡಿ, ಪೋರ್ಷೆ, ಮಾಸೆರಾಟಿ, ಫೆರಾರಿ, ಯಾರೂ ಬಿಡಲಿಲ್ಲ. ಹೊಸದರಲ್ಲಿ ಅದು ವೆಲ್ವೆಟ್ಟು. ಗಾಳಿಯ ತೇವ ಆ ಲೇಪದ ಅಣುಕೊಂಡಿಗಳನ್ನು ಮೆಲ್ಲಗೆ ಕತ್ತರಿಸುತ್ತದೆ, ಬಿಸಿ ಅದಕ್ಕೆ ವೇಗ ಕೊಡುತ್ತದೆ. ಹತ್ತು ಹನ್ನೆರಡು ವರ್ಷಕ್ಕೆ ಗುಂಡಿಗಳು ಬೆಲ್ಲದ ಪಾಕ ಅಂಟಿದಂತೆ ಜಿಗುಟಾಗುತ್ತವೆ. ಎರಡು ಕೋಟಿಯ ಫೆರಾರಿಯ ಸ್ವಿಚ್ಚು ಒತ್ತಿದವನ ಬೆರಳಿಗೆ ಕಪ್ಪು ಮಸಿ. ಮಂಗಳೂರು, ಕಾರವಾರದಂಥ ಬೆವರಿನೂರಿನಲ್ಲಿ ಇದು ಇನ್ನೂ ಬೇಗ ಆಗುವುದು ರಸಾಯನಶಾಸ್ತ್ರದ ಸಹಜ ನಿಯಮ. ಪಾಲಿಶ್ ಮಾಡುವವರ ಬಳಿ ಹೋದರೆ ಸ್ಪಿರಿಟ್ ಹಾಕಿ ಲೇಪವನ್ನೇ ಉಜ್ಜಿ ತೆಗೆದು, ಅಡಿಯ ಗಟ್ಟಿ ಪ್ಲಾಸ್ಟಿಕ್ ತೋರಿಸಿಕೊಡುತ್ತಾರೆ. ಮೊದಲೇ ಅದನ್ನೇ ಕೊಟ್ಟಿದ್ದರೆ ಆಗುತ್ತಿತ್ತು!

ಹಾಗಾಗಿ ‘ಮೆತ್ತಗಿದ್ದರೆ ಒಳ್ಳೆಯದು, ಗಡುಸಾಗಿದ್ದರೆ ಕಳಪೆ’ ಎಂಬ ವಿಮರ್ಶಕರ ಬೆರಳ ಪರೀಕ್ಷೆಯೂ ಕೆಲಸಕ್ಕೆ ಬಾರದ್ದು. ಷೋರೂಮಿನ ಹತ್ತು ನಿಮಿಷಕ್ಕಾಗಿ ವಸ್ತುವನ್ನು ಆರಿಸುವ ಚಾಳಿ ಅಲ್ಲೇ ಬೇರೂರಿತು. ಮೊದಲು ಬೆರಳನ್ನು ಮೆಚ್ಚಿಸುತ್ತಿದ್ದರು, ಈಗ ಕಣ್ಣನ್ನು ಮೆಚ್ಚಿಸುತ್ತಾರೆ. ‘ಪಿಯಾನೊ ಬ್ಲ್ಯಾಕ್’ ಎಂಬ ಮಿರಿಮಿರಿ ಕಪ್ಪು ಪ್ಲಾಸ್ಟಿಕ್ ಇದರ ಪರಮಾವಧಿ. ನಿಜವಾದ ಪಿಯಾನೊಗೆ ಮೆರುಗೆಣ್ಣೆ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತಾರೆ. ಇದೋ ಅಚ್ಚಿನಿಂದ ಹೊಳೆಯುತ್ತಲೇ ಹೊರಬೀಳುವ ತುಂಡು. ಧೂಳು ಕೂರುತ್ತದೆ, ಒರೆಸಿದರೆ ಗೀರು ಬೀಳುತ್ತದೆ, ಒರೆಸದಿದ್ದರೆ ಬೆರಳ ಗುರುತು. ನಮ್ಮ ರಸ್ತೆಗಳ ಧೂಳಿನಲ್ಲಿ ಇದನ್ನು ಕಾರಿನೊಳಗೆ, ಅದೂ ಕೈ ಓಡಾಡುವ ಜಾಗದಲ್ಲೇ ಹಾಕುವ ವಿನ್ಯಾಸಕಾರ ಎಂದಾದರೂ ಒಂದು ಕಾರನ್ನು ಸ್ವಂತವಾಗಿ ಇಟ್ಟುಕೊಂಡಿದ್ದಾನೆಯೇ ಎಂಬ ಅನುಮಾನ ನನಗೆ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದಕ್ಕೂ ಆಗದು, ಇಲ್ಲಿ ಥಳುಕೇ ಹುಳುಕು.

ಈಗ ಪರದೆಗೆ ಬರೋಣ. 2021ರಲ್ಲಿ ಮರ್ಸಿಡಿಸ್ ಇ.ಕ್ಯೂ.ಎಸ್. ಕಾರಿನಲ್ಲಿ ಬಂದ ಹೈಪರ್‌ಸ್ಕ್ರೀನ್ 141 ಸೆಂಟಿಮೀಟರ್ ಅಗಲದ ಬಾಗಿದ ಗಾಜು. ಅದರಡಿ ಮೂರು ಬೇರೆ ಬೇರೆ ಪರದೆಗಳಿವೆ, ಮೇಲೆ ಹೊದಿಕೆ ಒಂದೇ. ಮರುವರ್ಷ ಈ ಕಾರನ್ನು ಪುಣೆ ಬಳಿಯ ಚಾಕಣದಲ್ಲೇ ಜೋಡಿಸಿ 1.55 ಕೋಟಿಗೆ ಮಾರಾಟಕ್ಕಿಟ್ಟರು. ಪರದೆ ದುಬಾರಿ ತಾನೇ, ಅದು ಹೇಗೆ ಉಳಿತಾಯವಾಗುತ್ತದೆ ಎಂದು ಕೇಳುವವರಿದ್ದಾರೆ. ಲೆಕ್ಕ ಸರಳ. ಪ್ರತಿ ಸ್ವಿಚ್ಚಿಗೂ ಒಂದು ಅಚ್ಚು ಬೇಕು, ವೈರು ಬೇಕು, ಕೂರಿಸುವ ಕೈ ಬೇಕು, ಲಕ್ಷ ಸಲ ಒತ್ತಿ ನೋಡುವ ಪರೀಕ್ಷೆ ಬೇಕು. ನಲವತ್ತು ಸ್ವಿಚ್ಚುಗಳ ಬದಲು ಗಾಜಿನ ಮೇಲೆ ನಲವತ್ತು ಚಿತ್ರ ಬರೆದರೆ ಅಚ್ಚೂ ಇಲ್ಲ, ವೈರೂ ಇಲ್ಲ. ಒಮ್ಮೆ ಬರೆದ ಸಾಫ್ಟ್‌ವೇರನ್ನು ಎಲ್ಲ ಮಾದರಿಗೂ ತುಂಬಬಹುದು. ಉಳಿಯುವುದು ಕಂಪನಿಗೆ, ಹುಡುಕಿ ಒತ್ತುವ ಶ್ರಮ ಚಾಲಕನಿಗೆ.

ಆ ಶ್ರಮವನ್ನು ಅಳೆದವರೂ ಇದ್ದಾರೆ. ಸ್ವೀಡನ್ನಿನ ‘ವಿ ಬಿಲೆಗಾರೆ’ ಎಂಬ ಕಾರು ಪತ್ರಿಕೆ 2022ರಲ್ಲಿ ಹನ್ನೊಂದು ಹೊಸ ಕಾರುಗಳ ಜೊತೆ 2005ರ ಒಂದು ವೋಲ್ವೊ ವಿ 70 ಕಾರನ್ನು ನಿಲ್ಲಿಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಎ.ಸಿ. ಹೊಂದಿಸುವುದು, ರೇಡಿಯೊ ಬದಲಿಸುವುದು ಇತ್ಯಾದಿ ನಾಲ್ಕು ಸಾಮಾನ್ಯ ಕೆಲಸ ಮಾಡಬೇಕು. ಹದಿನೇಳು ವರ್ಷದ ಹಳೆಯ ವೋಲ್ವೊದಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಯಿತು, ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಹೊಚ್ಚಹೊಸ ಬಿ.ಎಂ.ಡಬ್ಲ್ಯು. ಐ.ಎಕ್ಸ್.ನಲ್ಲಿ 30.4 ಸೆಕೆಂಡು, ಸುಮಾರು 930 ಮೀಟರ್. ಇದನ್ನೇ ಅಲ್ಲವೇ ನಾವು ಪ್ರಗತಿ ಎಂದು ಕರೆಯುತ್ತಿರುವುದು? ಅಮೆರಿಕದ ನೌಕಾಪಡೆ ಇದೇ ಪಾಠವನ್ನು ಹತ್ತು ನಾವಿಕರ ಜೀವ ತೆತ್ತು ಕಲಿಯಿತು. 2017ರಲ್ಲಿ ಸಿಂಗಪುರದ ಬಳಿ ಜಾನ್ ಎಸ್. ಮೆಕೇನ್ ಯುದ್ಧನೌಕೆ ತೈಲ ಹಡಗಿಗೆ ಡಿಕ್ಕಿಯಾದ ಮೇಲೆ ನಡೆದ ತನಿಖೆಯಲ್ಲಿ ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲವೂ ಕಾರಣವೆಂದು ಕಂಡುಬಂತು. 2019ರಲ್ಲಿ ನೌಕಾಪಡೆ ಕೈಯಲ್ಲಿ ಹಿಡಿದು ತಳ್ಳುವ ಹಳೆಯ ಸನ್ನೆಕೋಲುಗಳಿಗೆ ಮರಳಲು ತೀರ್ಮಾನಿಸಿತು.

ಬಾಳಿಕೆಯ ಕತೆ ಇನ್ನೂ ಕೆಟ್ಟದು. ಕ್ಯಾಡಿಲ್ಯಾಕ್ 2012ರಲ್ಲಿ ‘ಕ್ಯೂ’ ಎಂಬ ಟಚ್‌ಸ್ಕ್ರೀನ್ ವ್ಯವಸ್ಥೆ ತಂದಿತು. ಕೆಲವೇ ವರ್ಷಗಳಲ್ಲಿ ಪದರಗಳು ಬಿಟ್ಟುಕೊಂಡು ಪರದೆಯ ತುಂಬ ಜೇಡರ ಬಲೆಯಂಥ ಬಿರುಕು. ಮಾಲೀಕರು ಕೋರ್ಟಿಗೆ ಹೋದರು. ಟೆಸ್ಲಾದ್ದು ಅದಕ್ಕಿಂತ ಸ್ವಾರಸ್ಯ. ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ಪರದೆಯ ಹಿಂದಿನ ಎಂಟು ಜಿ.ಬಿ. ಮೆಮೊರಿ ಚಿಪ್ ಬರೆದು ಅಳಿಸಿ ಸವೆದುಹೋಗುತ್ತಿತ್ತು. ಆಗ ಹಿಂದಿನ ಕ್ಯಾಮೆರಾ ಹೋಯಿತು, ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ಹೋಯಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಒತ್ತಾಯಿಸಿ 2021ರಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಕಂಪನಿ ಆ ಸಂಸ್ಥೆಗೆ ಕೊಟ್ಟ ಸಮಜಾಯಿಷಿ ಏನು ಗೊತ್ತೇ? ಇಂಥ ಭಾಗಗಳು ಕಾರಿನ ಪೂರ್ತಿ ಆಯುಷ್ಯ ಬಾಳಬೇಕೆಂದು ನಿರೀಕ್ಷಿಸುವುದು ಆರ್ಥಿಕವಾಗಿ ಸಾಧ್ಯವಲ್ಲ ಎಂಬುದು. ನನಗೆ ಆ ಉತ್ತರ ಇಷ್ಟವಾಯಿತು, ಏಕೆಂದರೆ ಅದು ಪ್ರಾಮಾಣಿಕ. ಉಳಿದ ಕಂಪನಿಗಳು ಬಾಯಿಬಿಟ್ಟು ಹೇಳದ್ದನ್ನು ಅವರು ಕಾಗದದ ಮೇಲೆ ಬರೆದುಕೊಟ್ಟರು.

‘ಸಾಫ್ಟ್‌ವೇರೇ ಐಷಾರಾಮ’ ಎನ್ನುವವರಿಗೆ ಇನ್ನೊಂದು ನೆನಪು. 2022ರಲ್ಲಿ ಅಮೆರಿಕದ ಮೊಬೈಲ್ ಕಂಪನಿಗಳು 3ಜಿ ಜಾಲ ಮುಚ್ಚಿದಾಗ ಹಲವು ಬ್ರ್ಯಾಂಡುಗಳ ದುಬಾರಿ ಕಾರುಗಳಲ್ಲಿ ಇಂಟರ್ನೆಟ್ ಸೌಲಭ್ಯಗಳು, ಕೆಲವದರಲ್ಲಿ ಅಪಘಾತದ ತುರ್ತು ಕರೆ ಕೂಡ, ನಿಂತುಹೋದವು. ಎಂಜಿನ್ ಸರಿಯಿತ್ತು, ಟೈರ್ ಸರಿಯಿತ್ತು. ಕಾರಿಗೆ ಆಗ ಆಗಿದ್ದ ವಯಸ್ಸಾದರೂ ಎಷ್ಟು!

ಈಗ ಕಂಪನಿಗಳ ಪರ ವಕಾಲತ್ತು ವಹಿಸುವವರ ವಾದಗಳನ್ನು ನೋಡೋಣ. ಗಿರಾಕಿಗಳೇ ಪರದೆ ಕೇಳುತ್ತಾರೆ ಎಂಬುದು ಮೊದಲನೆಯದು. ಕೇಳುತ್ತಾರೆಯೇ? ಫೋಕ್ಸ್‌ವಾಗನ್‌ನ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ ಗುಂಡಿಗಳನ್ನು ಕಿತ್ತದ್ದು ತಪ್ಪಾಯಿತು, ಇನ್ನು ಆ ತಪ್ಪು ಮಾಡುವುದಿಲ್ಲ ಎಂದು ಒಪ್ಪಿಕೊಂಡರು. ಮರ್ಸಿಡಿಸ್ ಸ್ಟಿಯರಿಂಗ್ ಮೇಲೆ ಬೆರಳು ಸವರುವ ಪಟ್ಟಿಗಳನ್ನು ಹಾಕಿ, ಬೈಸಿಕೊಂಡು, ಈಗ ಉರುಳುಗುಂಡಿಗಳನ್ನು ಮರಳಿ ತಂದಿದೆ. ತಮಾಷೆಯೆಂದರೆ, ಅದೇ 2025ರ ಎಲೆಕ್ಟ್ರಿಕ್ ಜಿ.ಎಲ್.ಸಿ. ಕಾರಿನಲ್ಲಿ ಪರದೆ 39.1 ಇಂಚಿಗೆ ಬೆಳೆದಿದೆ. ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ಹಝಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕಾದರೂ ಕೈಗೆ ಸಿಗುವ ಗುಂಡಿ ಅಥವಾ ಸನ್ನೆಕೋಲು ಇಲ್ಲದಿದ್ದರೆ ಅಂಕ ಕಳೆಯುವುದಾಗಿ ಹೇಳಿದೆ. ಹಾರ್ನಿಗೆ ಗುಂಡಿ ಇರಬೇಕೆಂದು ಒಂದು ಸಂಸ್ಥೆ ನಿಯಮ ಬರೆಯಬೇಕಾಗಿ ಬಂದದ್ದನ್ನು ಬೆಂಗಳೂರಿನ ಚಾಲಕರಿಗೆ ಹೇಗೆ ವಿವರಿಸುವುದೋ ತಿಳಿಯದು.

ಎರಡನೆಯದು ಪರಿಸರದ ವಾದ. ಚರ್ಮ ಬೇಡ, ಮರುಬಳಕೆಯ ಬಟ್ಟೆ ಸಾಕು ಎಂಬುದು. ಒಪ್ಪಿದೆ. ಚರ್ಮಕ್ಕಾಗಿ ನಾನು ಅಳುತ್ತಿಲ್ಲ, ರೆಕ್ಸಿನ್ನಿನಲ್ಲೇ ಬಾಳಿಕೆ ಸಾಧ್ಯವೆಂದು ಮರ್ಸಿಡಿಸ್ ತಾನೇ ತೋರಿಸಿಕೊಟ್ಟಿದೆ. ಆದರೆ ಎಂಟು ವರ್ಷಕ್ಕೆ ಸಿಪ್ಪೆ ಏಳುವ ಹೊದಿಕೆ ಎಷ್ಟು ಬಾಟಲಿ ಕರಗಿಸಿ ಮಾಡಿದ್ದರೂ ಅದು ಪರಿಸರಕ್ಕೆ ಮಾಡಿದ ಉಪಕಾರ ಹೇಗಾಗುತ್ತದೆ?

ಮೂರನೆಯದು, ಬ್ಯಾಟರಿಗೇ ಹಣ ಹೋಗುತ್ತದೆ, ಒಳಾಂಗಣಕ್ಕೆ ಉಳಿಯುವುದಿಲ್ಲ ಎಂಬುದು. ಹಾಗಿದ್ದರೆ ಪೆಟ್ರೋಲ್ ಕಾರಿನಲ್ಲಾದರೂ ಹಳೆಯ ಗುಣಮಟ್ಟ ಇರಬೇಕಿತ್ತಲ್ಲ? ಜೊತೆಗೆ ವಿದ್ಯುತ್ ಕಾರಿನಲ್ಲಿ ಎಂಜಿನ್ ಸದ್ದಿನ ಮರೆ ಇಲ್ಲ. ಕ್ಲಿಪ್ಪುಗಳ ಮೇಲೆ ಕೂತ ಪ್ಯಾನೆಲ್ ಒಂದು ಸಲ ಬಿಚ್ಚಿ ಹಾಕಿದರೆ ಸಡಿಲ, ಆಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಕಿರ್ರ್ ಕಿರ್ರ್. ಅಂದರೆ ಜೋಡಣೆ ಮೊದಲಿಗಿಂತ ಬಿಗಿಯಾಗಬೇಕಾದ ಕಾರಿನಲ್ಲೇ ಅದನ್ನು ಸಡಿಲ ಬಿಟ್ಟಿದ್ದಾರೆ. ಉಳಿದುಕೊಂಡ ಹಳೆಯ ಕಾರುಗಳನ್ನಷ್ಟೇ ನೋಡಿ ಮೋಸಹೋಗುತ್ತೀರಿ ಎಂಬ ನಾಲ್ಕನೆಯ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಒಂದೊಂದು ಸ್ವಿಚ್ಚನ್ನೂ ಬೇರೆ ಬೇರೆ ಬಿಚ್ಚಲು ಬರುವಂತೆ ಕಟ್ಟಿದ್ದು ಅದೃಷ್ಟದಿಂದ ಉಳಿದ ಕಾರಿನಲ್ಲಿ ಮಾತ್ರವಲ್ಲ, ಗುಜರಿಗೆ ಹೋದ ಕಾರಿನಲ್ಲೂ ಹಾಗೆಯೇ ಇತ್ತು. ಅದಕ್ಕೇ ಗುಜರಿಯ ಕಾರಿನ ಸ್ವಿಚ್ಚು ಓಡುವ ಕಾರಿಗೆ ಬಂತು.

ಇವರು ಯಾರೂ ಎತ್ತದ ವಿಷಯವೇ ಅಸಲಿ ಕಾರಣ: ಐಷಾರಾಮಿ ಕಾರಿನ ಗಿರಾಕಿ ಬದಲಾಗಿದ್ದಾನೆ. ಜರ್ಮನಿಯಲ್ಲಿ ನೋಂದಣಿಯಾಗುವ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಕಂಪನಿ, ವ್ಯಾಪಾರಗಳ ಹೆಸರಿನವು. ಅಮೆರಿಕದಲ್ಲಿ ದುಬಾರಿ ಕಾರುಗಳನ್ನು ಲೀಸಿಗೆ ಪಡೆಯುವುದೇ ರೂಢಿ, ಸಾಮಾನ್ಯವಾಗಿ ಮೂವತ್ತಾರು ತಿಂಗಳಿಗೆ. ಕಂಪನಿಯ ಲೆಕ್ಕದಲ್ಲಿ ಗಿರಾಕಿಯೆಂದರೆ ಆ ಮೂರು ವರ್ಷ ಕೂರುವವನು. ಜಿಗುಟಾದ ಗುಂಡಿ, ಬಿರುಕು ಬಿಟ್ಟ ಪರದೆ, ಜೋತುಬಿದ್ದ ಚಾವಣಿ ಬಟ್ಟೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವು ಬೀಳುವುದು ಹೊಸ ಕ್ರೆಟಾದ ಬೆಲೆಗೆ ಏಳು ವರ್ಷದ ಸಿ-ಕ್ಲಾಸ್ ಕೊಂಡು, ಮನೆಮಂದಿಯನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟ ನಮ್ಮ ಹಾಸನದ, ದಾವಣಗೆರೆಯ ಮನುಷ್ಯನ ಪಾಲಿಗೆ. ಅವನು ಯಾವ ಕಂಪನಿಯ ಗಿರಾಕಿಯೂ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಕುಶನ್ ಅಂಗಡಿ ಸೀಟನ್ನೇನೋ ಸರಿಮಾಡಿ ಕೊಟ್ಟೀತು, ಗಾಜಿನ ಅಡಿಯ ಮೂರು ಪರದೆಗಳನ್ನು ಯಾವ ರಸ್ತೆಯಲ್ಲಿ ಸರಿಮಾಡುತ್ತಾರೆ?

ಜರ್ಮನಿಯ ಹೊರಗೆ ಮರ್ಸಿಡಿಸ್‌ನ ಅತಿದೊಡ್ಡ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲೇ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಹುಡುಗ ಹುಡುಗಿಯರ ಜಾಣತನದ ಬಗ್ಗೆ ನನಗೆ ಅನುಮಾನವಿಲ್ಲ. ಒಳ್ಳೆಯ ಸಾಫ್ಟ್‌ವೇರ್ ಒಳ್ಳೆಯದೇ, ಆದರೆ ಅದು ಒಳ್ಳೆಯ ತಿರುಪಿನ ಜಾಗದಲ್ಲಿ ಕೂರಬಾರದು, ತಿರುಪಿನ ಜೊತೆಗೆ ಬರಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ದುರಸ್ತಿ ಹಕ್ಕಿನ ಜಾಲತಾಣದಲ್ಲಿ ಮೊಬೈಲು, ಫ್ರಿಜ್ಜು, ಟ್ರ್ಯಾಕ್ಟರುಗಳ ಸಾಲಿನಲ್ಲಿ ಕಾರುಗಳೂ ಇವೆ. ಕಾನೂನಿನ ಬಲವಿಲ್ಲದ ಬರೀ ಮಾಹಿತಿ ಅದು, ಆದರೂ ಕೇಳಲು ಒಂದು ಆಧಾರ. ಕಾರು ವಿಮರ್ಶಕರೂ ಒಂದು ಕೆಲಸ ಮಾಡಬಹುದು: ಹೊಸ ಮಾದರಿಯ ವಿಡಿಯೊ ಮಾಡುವಾಗ ಅದೇ ಕಾರಿನ ಎಂಟು ವರ್ಷ ಹಳೆಯ ತಲೆಮಾರಿನದೊಂದನ್ನು ಪಕ್ಕದಲ್ಲಿ ನಿಲ್ಲಿಸಿ, ಅದರ ಗುಂಡಿ ಒತ್ತಿ, ಬಾಗಿಲ ಹಿಡಿಕೆ ಎಳೆದು ತೋರಿಸಲಿ. ಕೊಳ್ಳುವವರು ಷೋರೂಮಿನಲ್ಲಿ ದೀಪದ ಬಣ್ಣ ಬದಲಾಗುತ್ತಿರುವಾಗಲೇ ಮೂರು ಪ್ರಶ್ನೆ ಕೇಳಲಿ. ವಾರಂಟಿ ಮುಗಿದ ಮೇಲೆ ಈ ಪರದೆ ಹೋದರೆ ಎಷ್ಟಾಗುತ್ತದೆ? ಬರಲು ಎಷ್ಟು ದಿನ? ಅಲ್ಲಿಯವರೆಗೆ ಎ.ಸಿ. ಹಾಕುವುದು ಹೇಗೆ? ಉತ್ತರವನ್ನು ಬಾಯಿಮಾತಿನಲ್ಲಿ ಬೇಡ, ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು, ಆಮೇಲೆ ಮುಂಗಡದ ಚೆಕ್ಕಿಗೆ ಸಹಿ ಹಾಕಲಿ.